ಹನ್ನೊಂದು ಹೆಂಗಸರಿಗೊಂದು ಮನೆ

ಫೆಬ್ರವರಿ 3, ಸೋಮವಾರ

ಲಂಚ್ ಬ್ರೇಕಿನಲ್ಲಿ ಪೋಸ್ಟರ್ ಮುಗಿಸಿ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದೆ. ಭಾನುವಾರ ಕ್ಲಬ್‌ಹೌಸಿನಲ್ಲಿ ಮುದ್ದೆ, ಬಸ್ಸಾರಿನ ಊಟ. ಬಂದ ಹಣವೆಲ್ಲ ಲಗ್ಗೆರೆಯ ಆಶ್ರಯಮನೆಗೆ. ಗಂಡನ ಹೊಡೆತ ತಾಳದೆ ಬಂದ ಹನ್ನೊಂದು ಹೆಂಗಸರು ಅಲ್ಲಿದ್ದಾರೆ. ತಿಂಗಳ ಕೊನೆಗೆ ಖಾಲಿ ಮಾಡಿ ಅಂದಿದ್ದಾನೆ ಓನರ್. ಮಾದನಾಯಕನಹಳ್ಳಿಯಲ್ಲಿ ಬೇರೆ ಮನೆ ಸಿಕ್ಕಿದೆ — ಅಡ್ವಾನ್ಸ್ ಹೊಂದಿಸಬೇಕು.

ಪೋಸ್ಟರಿನಲ್ಲಿ ಅವರಲ್ಲೊಬ್ಬಳಾದ ಅಂಜಿನಮ್ಮ ಮುದ್ದೆ ಕಟ್ಟುತ್ತಿರುವ ಫೋಟೋ. ನಗುಮುಖ. ಎಲ್ಲರಿಗೂ ಇಷ್ಟವಾಯಿತು.

ಅದೇ ದಿನ, ಸಂಜೆ 5

ಆಶ್ರಯಮನೆ ನಡೆಸುವ ಶಿವಲಿಂಗಮ್ಮನವರ ಫೋನ್.

"ನಿವೇದಿತಾ, ಅವಳ ಮುಖ ಯಾಕಮ್ಮ ಹಾಕ್ದೆ? ಗಂಡನಿಗೆ ಗೊತ್ತಾಗಬಾರದು ಅಂತ ತಾನೆ ಇಲ್ಲಿಟ್ಕೊಂಡಿರೋದು?"

ತಕ್ಷಣ ಡಿಲೀಟ್ ಮಾಡಿದೆ. ಅಷ್ಟರಲ್ಲಿ ಎಷ್ಟು ಜನ ಫಾರ್ವರ್ಡ್ ಮಾಡಿದ್ದಾರೋ... ಅವಳನ್ನು ಒಂದು ಮಾತು ಕೇಳಬೇಕಿತ್ತು.

ಫೆಬ್ರವರಿ 5

ಫೋಟೋ ಅಂಜಿನಮ್ಮನ ನಾದಿನಿಗೂ ತಲುಪಿದೆ. ರಜೆ ಹಾಕಿ ಲಗ್ಗೆರೆಗೆ ಹೋದೆ. ಕ್ಷಮೆ ಕೇಳಿದೆ. ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು.

"ಊಟ ಕ್ಯಾನ್ಸಲ್ ಮಾಡ್ತೀನಿ," ಎಂದೆ.

"ಬ್ಯಾಡಕ್ಕ. ಇವರೆಲ್ಲ ಎಲ್ಲೋಗ್ತಾರೆ? ನಾನೂ ಬತ್ತೀನಿ. ಇಲ್ಲಿ ಒಬ್ಳೇ ಬಾಗ್ಲಾಕ್ಕೊಂಡು ಕೂತ್ರೆ ಇನ್ನೂ ಭಯ. ನನ್ ತಂಟೆಗೆ ಬರಬಾರ್ದು ಅಂತ ಕೋರ್ಟ್ ಆರ್ಡರ್ ಐತಲ್ಲ."

ನಮ್ಮ ಸೆಕ್ರೆಟರಿ ಶೇಖರಪ್ಪನವರಿಗೆ ಹೇಳಲೇಬೇಕಾಯಿತು. ಊಟ ಬೇಡವೆನ್ನುತ್ತಾರೆ ಅಂದುಕೊಂಡಿದ್ದೆ. ಗಂಡನ ಫೋಟೋ, ಆರ್ಡರ್ ಕಾಪಿ ಕಳಿಸಿ ಅಂದರು, ಅಷ್ಟೆ.

ಫೆಬ್ರವರಿ 9, ಭಾನುವಾರ, ಸಂಜೆ 4

ಬಂದ. ಊಟದ ಸಾಲು ಗೇಟಿನ ತನಕ ಇದ್ದಾಗ. ಇಸ್ತ್ರಿ ಷರ್ಟು, ಕೈಯಲ್ಲಿ ಹಣ್ಣಿನ ಕವರ್. ಶೇಖರಪ್ಪನವರು ಬೆಳಗಿನಿಂದ ಗೇಟಿನಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ನನ್ ಹೆಂಡ್ತಿ ಒಳಗವ್ಳೆ ಸಾರ್. ಕರ್ಕೊಂಡೋಗಕ್ಕೆ ಬಂದಿದ್ದೀನಿ."

"ಕೂತ್ಕೊಳ್ಳಪ್ಪ," ಎಂದವರೇ ಅತ್ತ ಸರಿದು ಪೊಲೀಸರಿಗೆ ಫೋನ್ ಮಾಡಿದರು.

ಹತ್ತು ನಿಮಿಷದಲ್ಲಿ ಅವನಿಗೆ ಅನುಮಾನ ಬಂತು. ಕೂಗಾಡಿದ, ಒಳಗೆ ನುಗ್ಗಲು ನೋಡಿದ. ಸಾಲಿನಲ್ಲಿದ್ದವರು ತಟ್ಟೆ ಹಿಡಿದುಕೊಂಡೇ ಅಡ್ಡ ನಿಂತರು. ಜೀಪು ಬಂದಾಗ ಅಂಜಿನಮ್ಮ ತಾನಾಗಿಯೇ ಹೊರಗೆ ಬಂದಳು, ಹಿಟ್ಟಿನ ಕೈಯಲ್ಲೇ.

"ಇವನೇ ಸಾರ್. ಆರ್ಡರ್ ಮೀರಿ ಬಂದವ್ನೆ. ಕಂಪ್ಲೇಂಟ್ ಬರ್ಕೊಳ್ಳಿ."

ದನಿ ನಡುಗುತ್ತಿತ್ತು. ಆದರೆ ಪೂರ್ತಿ ಹೇಳಿದಳು. ಅವನನ್ನು ಕೂರಿಸಿಕೊಂಡು ಜೀಪು ಹೋದ ಮೇಲೆ ನೀರು ಕುಡಿದು, ಉಳಿದ ಹಿಟ್ಟಿನ ಮುದ್ದೆ ಕಟ್ಟಲು ಕೂತಳು.

ಅಡ್ವಾನ್ಸಿಗೆ ಸಾಕಾಗುವಷ್ಟು ಬಂದಿದೆ. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ಫೆಬ್ರವರಿ 22, ಶನಿವಾರ, ಮಧ್ಯಾಹ್ನ 3

ಮಾದನಾಯಕನಹಳ್ಳಿ. ಸಾಮಾನು ಇಳಿಸಿ ಆಯಿತು. ಹಾಲು ಉಕ್ಕಿಸಿದರು. ಅವನಿಗೆ ಜಾಮೀನು ಸಿಕ್ಕಿಲ್ಲ. ಈ ವಿಳಾಸವನ್ನು ನಾವು ಯಾರಿಗೂ ಕೊಡುವುದಿಲ್ಲ.

ಅಂಜಿನಮ್ಮ ಗಂಟುಮೂಟೆಗಳ ನಡುವೆ ಒರಗಿದವಳು ಹಾಗೇ ನಿದ್ದೆ ಹೋಗಿದ್ದಾಳೆ. ಬಾಗಿಲು ತೆರೆದೇ ಇದೆ. ಏಳು ತಿಂಗಳಲ್ಲಿ ಇವಳು ಹಗಲು ಮಲಗಿದ್ದನ್ನು ನೋಡೇ ಇಲ್ಲವಂತೆ ಶಿವಲಿಂಗಮ್ಮನವರು. ಸದ್ದಾಗದಿರಲೆಂದು ಪಾತ್ರೆ ಜೋಡಿಸುವುದನ್ನೂ ನಿಲ್ಲಿಸಿದ್ದಾರೆ. ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಎದೆ ಹಗುರಾಗಿದೆ. ಪೂರ್ತಿ ಅಲ್ಲ... ಆದರೂ.

ಎದ್ದಳು.

"ಇನ್ನೂ ಇಲ್ಲೇ ಇದ್ದೀರಾ ಅಕ್ಕ? ಮನೆಗೋಗಲ್ವಾ?"

ಹೋಗಬೇಕು. ಟೀ ಇಡುತ್ತಾಳಂತೆ. ಸಕ್ಕರೆ ಯಾವ ಚೀಲದಲ್ಲಿದೆ ಎಂದು ಕೇಳುತ್ತಿದ್ದಾಳೆ, ಹುಡುಕಿಕೊಡಲು ಏಳುತ್ತೇನೆ.