ಬೇಲಿಯೊಳಗಿನ ಜೊಂಡು

ಕೆರೆಯ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ಕೆರೆಗೆ ತಾವು ಬೇಲಿ ಹಾಕಿಸಿ ಎರಡು ವರ್ಷವಾಯಿತು. ಅಂದಿನಿಂದ ನಮ್ಮ ಅತ್ತೆ ಬೈರಮ್ಮನವರು ಒಂದು ಚಾಪೆಯನ್ನೂ ನೇಯ್ದಿಲ್ಲ. ಚಾಪೆ ಎಂದರೆ ಬರೀ ಮಲಗುವುದಕ್ಕೆ ಎಂದುಕೊಳ್ಳಬೇಡಿ. ಕೆರೆಯ ಜೊಂಡನ್ನು ಸೀಳಿ, ಒಣಗಿಸಿ, ಮರದ ಚಕ್ಕೆಯಿಂದ ತೆಗೆದ ಕೆಂಪು ಬಣ್ಣದಲ್ಲಿ ಅದ್ದಿ, ಅತ್ತೆ ಅದರಲ್ಲಿ ಬೆಳ್ಳಕ್ಕಿಗಳನ್ನು ಕೂರಿಸುತ್ತಿದ್ದರು. ಗಾಳಿಗೆ ನೀರು ಸುಕ್ಕಾಗುವುದನ್ನು ಅಂಚಿಗೆ ತರುತ್ತಿದ್ದರು. ಅವರ ತಾಯಿ ಕಲಿಸಿದ ವಿದ್ಯೆ. ಇಂದಿರಾನಗರದ ಎಷ್ಟೋ ಮನೆಗಳಲ್ಲಿ ಆ ಚಾಪೆಗಳು ಗೋಡೆಯ ಮೇಲಿವೆ.

ಜೊಂಡು ಕೊಯ್ಯಲು ಪಾಸು ಬೇಕೆಂದಿರಿ. ಕೇಳಲು ಬಂದೆ. ಪಾಸಿಗೆ ಕುಶಲಕರ್ಮಿಯ ಗುರುತಿನ ಚೀಟಿ ಬೇಕೆಂದಿರಿ. ಆ ಚೀಟಿ ಕೊಡುವ ಕಚೇರಿಯವರು, ಹಳೆಯ ಚಾಪೆ ಸಲ್ಲದು, ಹೊಸದಾಗಿ ನೇಯ್ದ ಮಾದರಿ ತನ್ನಿ ಎಂದರು. ಹೊಸ ಮಾದರಿಯನ್ನು ಯಾವುದರಲ್ಲಿ ನೇಯಬೇಕು ಸ್ವಾಮಿ? ತಮ್ಮ ಸುತ್ತೋಲೆಯಲ್ಲಿ?

ಕಳೆದ ತಿಂಗಳು ನಡೆದದ್ದನ್ನು ಕೇಳಿ. ಒಂದು ಬೆಳಿಗ್ಗೆ ಗಿಡ ನೆಡುವವರಿಗಾಗಿ ಗೇಟು ತೆರೆದಿತ್ತು. ಅತ್ತೆ ಒಳಗೆ ಹೋಗಿ ಒಂದು ಹೊರೆ ಜೊಂಡು ಕೊಯ್ದರು. ಅಷ್ಟರಲ್ಲಿ ಕೆಲಸದವರು ಹೊರಟರು, ಕಾವಲುಗಾರ ಮಾನಪ್ಪ ಬೀಗ ಹಾಕಿಕೊಂಡು ಹೋದರು. ಅರವತ್ತಾರು ವರ್ಷದ ಹೆಂಗಸು ಮಟಮಟ ಮಧ್ಯಾಹ್ನ ತಂತಿಯ ಆಚೆ ಸಿಕ್ಕಿಬಿದ್ದರು. ಸುದ್ದಿ ತಿಳಿದು ಓಡಿದೆ.

"ಗಾಬರಿ ಆಗ್ಬೇಡ ಕಣೆ, ಇಲ್ಲಿ ನೆರಳಿದೆ. ಹೋಗಿ ಬೀಗ ತೆಗ್ಸು," ಎಂದರು.

ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಪುಸ್ತಕ ತಿರುವಿದರು.

"ಪಾಸ್ ಇಲ್ದೆ ಯಾರೂ ಒಳಗ್ ಹೋಗೋ ಹಾಗಿಲ್ಲಮ್ಮ. ಇವತ್ತು ಯಾರಿಗೂ ಪಾಸ್ ಕೊಟ್ಟಿಲ್ಲ. ಅಂದ್ಮೇಲೆ ಒಳಗೆ ಯಾರೂ ಇಲ್ಲ."

"ನಮ್ಮತ್ತೆ ಇದ್ದಾರೆ ಸಾರ್."

"ಹಾಗಂತ ಬರ್ಕೊಟ್ರೆ ಅವರ ಮೇಲೇ ಕೇಸ್ ಆಗುತ್ತೆ. ಬರ್ಕೊಡ್ತೀರಾ?"

ಎಷ್ಟು ಅಚ್ಚುಕಟ್ಟಾದ ಆಡಳಿತ. ಬರೆದುಕೊಡದೆ ಹಿಂತಿರುಗಿದೆ. ನೀರಿನ ಬಾಟಲಿ ತಂತಿಯ ಸಂದಿಯಲ್ಲಿ ತೂರಲಿಲ್ಲ. ನಾನು ಸುರಿದೆ, ಅವರು ಬೊಗಸೆಯೊಡ್ಡಿ ಕುಡಿದರು. ಐದು ಗಂಟೆಯವರೆಗೆ ಅವರು ಒಳಗೆ ಕೂತರು, ನಾನು ಹೊರಗೆ. ಯಾರು ಯಾರನ್ನು ಕಾಯುತ್ತಿದ್ದೆವೋ ಗೊತ್ತಾಗಲಿಲ್ಲ.

ಕೊನೆಗೆ ಮಾನಪ್ಪ ಬಂದು ಗೇಟು ತೆಗೆದರು. ಹೊರೆಯನ್ನು ಮಾತ್ರ ಬಿಡಲಿಲ್ಲ. "ಬಿಟ್ರೆ ನನ್ ಕೆಲಸ ಹೋಗುತ್ತಮ್ಮ," ಎಂದು ತಲೆ ತಗ್ಗಿಸಿದರು. ಅತ್ತೆ ಕೊಟ್ಟುಬಿಟ್ಟರು.

ಈಗ ಅವರು ಟಿನ್ ಫ್ಯಾಕ್ಟರಿ ಹತ್ತಿರದ ಗುಜರಿಯಿಂದ ತಂದ ಪ್ಲಾಸ್ಟಿಕ್ ಪಟ್ಟಿಯಲ್ಲಿ ನೇಯಲು ನೋಡುತ್ತಾರೆ. ಅರ್ಧ ನೇಯ್ದು, "ಇದ್ರಲ್ಲಿ ಹಕ್ಕಿ ಕತ್ತು ಬಗ್ಗಲ್ಲ ಕಣೆ," ಎಂದು ಬಿಚ್ಚುತ್ತಾರೆ. ಮಾರನೆಯ ದಿನ ಮತ್ತೆ ಕೂರುತ್ತಾರೆ.

ನಾನು ಕೇಳುವುದಿಷ್ಟೇ. ಈ ಬೇಸಿಗೆ ಮುಗಿಯುವುದರೊಳಗೆ ಎಂಟು ದಿನ ಬೆಳಿಗ್ಗೆ ಗೇಟು ತೆರೆಸಿ. ಕೊಯ್ದ ಜೊಂಡು ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ, ತಮ್ಮ ಕೆರೆಯೇನೂ ಬೋಳಾಗದು. ಆಗದಿದ್ದರೆ, ಆಗುವುದಿಲ್ಲವೆಂದು ಒಂದು ಸಾಲು ಬರೆದುಕೊಡಿ. ಪ್ರತಿ ಸೋಮವಾರ ಅತ್ತೆ ಒಗೆದ ಸೀರೆಯುಟ್ಟು, "ಇವತ್ತು ಪಾಸ್ ಕೊಡ್ತಾರೇನೋ, ನಡಿ," ಎಂದು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿರುತ್ತಾರೆ. ಅದನ್ನಾದರೂ ನಿಲ್ಲಿಸಬೇಕು.

ಇಂತಿ,
ತಮ್ಮ ಕಚೇರಿಯ ಬೆಂಚಿಗೆ ಒಗ್ಗಿಹೋಗಿರುವ
ಯಮುನಾ
ಮಹದೇವಪುರ, ಮಾರ್ಚ್ ೨೦೦೪