ಬಾಗಿಲಿಗೆ ಅಂಟಿಸಿದ ಹಾಳೆ

ಪ್ರೀತಿಯ ಮೇಷ್ಟ್ರೇ,

ಆ ನೀಲಿ ರಟ್ಟಿನ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟ ದಿನ ನೆನಪಿದೆಯೇ? ರಾಚೆಸ್ಟರ್ ಹಿಲ್ಸ್‌ನ ನಿಮ್ಮ ಮಗಳ ಮನೆ, ಹಿತ್ತಲಿನ ಮರದ ಡೆಕ್ಕಿನ ಮೇಲೆ ಮೊಣಕಾಲುದ್ದ ಹಿಮ. ರಿಸೆಷನ್‌ನಲ್ಲಿ ನನ್ನ ಕೆಲಸ ಹೋಗಿ ಎರಡು ವಾರವಾಗಿತ್ತು. ಕಾರಿನ ಬಿಡಿಭಾಗ ಮಾಡುವ ನಮ್ಮ ಕಂಪನಿಯಲ್ಲಿ ಒಂದೇ ಬೆಳಿಗ್ಗೆ ಇಡೀ ಮಹಡಿಯನ್ನು ಖಾಲಿ ಮಾಡಿಸಿದ್ದರು. "ಕೆಲ್ಸ ಇಲ್ದೋನ ಹತ್ರ ಟೈಮ್ ಇರುತ್ತೆ ಅಂತ ನಿನ್ನ ಕೇಳ್ತಿದೀನಿ ಕಣಪ್ಪಾ ರಘು, ಬೇಜಾರ್ ಮಾಡ್ಕೋಬೇಡ" ಎಂದಿರಿ. "ಅಪ್ಪಾ, ಹಾಗಾ ಕೇಳೋದು?" ಎಂದು ವಸುಧಾ ಗದರಿದಳು. ನಾನು ನಕ್ಕೆ. ಆ ಚಳಿಗಾಲವೆಲ್ಲ ನನ್ನ ಕೆಲಸದ ಮಾತನ್ನು ಅಷ್ಟು ನೇರವಾಗಿ ಎತ್ತಿದವರು ನೀವೊಬ್ಬರೇ.

ಅಂದು ಕಾಫಿ ಆರಿ ತಣ್ಣಗಾಗುವವರೆಗೂ ನೀವು ಹೇಳುತ್ತಲೇ ಇದ್ದಿರಿ. ಆಫ್ರಿಕಾದಲ್ಲಿ ಇಪ್ಪತ್ತೈದು ವರ್ಷ ಗಣಿತ ಕಲಿಸಿ ಅಲ್ಲಿಯ ಪೌರರೇ ಆಗಿದ್ದ ನಿಮ್ಮನ್ನು, ಪಕ್ಕದ ದೇಶದ ಚುನಾವಣೆ ನೋಡಲು ನೆರೆಯ ದೇಶಗಳೆಲ್ಲ ಸೇರಿ ಕಳಿಸಿದ ವೀಕ್ಷಕರ ತಂಡಕ್ಕೆ ಹಾಕಿದ್ದರು. ಆ ದೇಶದ ಹೆಸರನ್ನು ನೀವು ಎಲ್ಲೂ ಬರೆದಿರಲಿಲ್ಲ, ನಾನೂ ಬರೆಯುವುದಿಲ್ಲ. ದಾರಿಯುದ್ದಕ್ಕೂ ಸೈನಿಕರು ಚೀಲ ಜಾಲಾಡುತ್ತಿದ್ದರೆಂದು ನೀವು ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡಿರಿ, ಅಂಕಿಗಳನ್ನೂ. ಯಾರಿಗೂ ಓದಲು ಬರುವುದಿಲ್ಲ ಎಂಬ ಜಂಬ ಬೇರೆ! ಕೊನೆಯ ಮತಗಟ್ಟೆ ಒಂದು ಶಾಲೆ; ಅದರ ಅಧಿಕಾರಿ ಗ್ರೇಸ್, ಅದೇ ಶಾಲೆಯ ಟೀಚರ್. ಸಂಜೆ ಎಣಿಕೆ ಮುಗಿಸಿ, ಫಲಿತಾಂಶದ ಹಾಳೆಯನ್ನು ಬಾಗಿಲಿಗೆ ಅಂಟಿಸಿ, "ಈಗಲೇ ಬರ್ಕೊಳ್ಳಿ ಸರ್, ನಾಳೆ ಇದು ಇಲ್ಲಿರಲ್ಲ" ಎಂದಳಂತೆ. ಬರೆದುಕೊಂಡಿರಿ. ಮರುದಿನ ಹಾಳೆ ಇರಲಿಲ್ಲ, ರೇಡಿಯೋದಲ್ಲಿ ಓದಿದ ಲೆಕ್ಕವೇ ಬೇರೆಯಾಗಿತ್ತು.

ಹೋಟೆಲಿನಲ್ಲಿ ತಂಡದ ಕೊನೆಯ ಮೀಟಿಂಗ್ ನಡೆದದ್ದನ್ನು ಹೇಳುವಾಗ ಮಾತ್ರ ನೀವು ನನ್ನ ಮುಖ ನೋಡಲಿಲ್ಲ. ನೋಟ್‌ಬುಕ್ ಮೇಜಿನ ಮೇಲಿಟ್ಟರೆ ಮುಖ್ಯಸ್ಥರು ಎರಡು ಪುಟ ಮಗುಚಿ, ಇದನ್ನು ಓದುವವರು ಯಾರು ಎಂದು ಕೇಳಿದರಂತೆ. ಎಲ್ಲರೂ ನಕ್ಕರಂತೆ. ಸಣ್ಣಪುಟ್ಟ ಕೊರತೆಗಳ ಹೊರತು ಚುನಾವಣೆ ಶಾಂತಿಯುತವಾಗಿತ್ತು ಎಂಬ ಹೇಳಿಕೆ ಆಗಲೇ ಟೈಪಾಗಿತ್ತು. "ಎಲ್ರೂ ಸೈನ್ ಹಾಕಿದ್ರು, ನಾನೂ ಹಾಕ್ದೆ. ಪ್ಲೇನಿಗೆ ಟೈಮಾಗಿತ್ತು" ಎಂದಿರಿ. ಇಷ್ಟು ವರ್ಷದ ಮೇಲೆ ಗ್ರೇಸ್ ಬಾಗಿಲಿಗೆ ಅಂಟಿಸಿದ್ದ ಆ ಲೆಕ್ಕವನ್ನು ಬಹಿರಂಗವಾಗಿ ಹೇಳಿದ್ದಕ್ಕೆ, ಸುಳ್ಳು ಫಲಿತಾಂಶ ಸೃಷ್ಟಿಸಿದಳೆಂದು ಅವಳ ಮೇಲೆ ಕೇಸು. ಅವಳ ವಕೀಲರು ಹೇಗೋ ನಿಮ್ಮನ್ನು ಹುಡುಕಿದ್ದರು. ನಿಮ್ಮ ಕಣ್ಣಿಗೆ ಆ ಸಣ್ಣಕ್ಷರ ಈಗ ಕಾಣುತ್ತಿರಲಿಲ್ಲ; ನೋಟ್‌ಬುಕ್ಕನ್ನು ನಾನು ಇಂಗ್ಲಿಷ್‌ಗೆ ತರಬೇಕು, ನೀವು ನೋಟರಿ ಮುಂದೆ ಪ್ರಮಾಣ ಮಾಡಬೇಕು. "ಆ ಒಂದು ಸೈನ್ ಅಳಿಸಿ ಹೋಗ್ಬೇಕು ಕಣೋ" ಎಂದಿರಿ.

ಪ್ರತಿ ಶನಿವಾರ ಹತ್ತು ಗಂಟೆಗೆ ನಿಮ್ಮ ಫೋನು. "ಎಲ್ಲೀವರೆಗೆ ಬಂತಪ್ಪಾ?" "ಅರ್ಧ ಆಯ್ತು ಮೇಷ್ಟ್ರೇ." ಮುಂದಿನ ವಾರ, "ಮುಕ್ಕಾಲು ಆಯ್ತು." ನಿಜ ಹೇಳಲೇ? ನಾನು ಅದನ್ನು ತೆರೆದೇ ಇರಲಿಲ್ಲ. ಯಾಕೆ ಎಂದರೆ ಏನು ಹೇಳಲಿ... ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಓಕ್ ಬ್ರೂಕ್‌ಗೆ ಇಂಟರ್‌ವ್ಯೂಗೆ ಹೋದರೆ, ಆ ಹುದ್ದೆಯೇ ರದ್ದಾಗಿದೆ ಎಂದು ರಿಸೆಪ್ಶನ್‌ನಿಂದಲೇ ವಾಪಸ್ ಕಳಿಸಿದರು. ಆಮೇಲೆ ಬೆಳಿಗ್ಗೆ ಎದ್ದು ಹಲ್ಲುಜ್ಜುವುದೂ ದೊಡ್ಡ ಕೆಲಸ ಅನ್ನಿಸತೊಡಗಿತು. ಆದರೆ ಇದು ಕಾರಣವೇ? ಸುಳ್ಳು ಹೇಳಲು ಮಾತ್ರ ನನಗೆ ಶಕ್ತಿಯಿತ್ತಲ್ಲ.

ಒಂದು ಮಂಗಳವಾರ ಬೆಳಿಗ್ಗೆ ವಸುಧಾ ಫೋನ್ ಮಾಡಿದಳು. ನಿದ್ದೆಯಲ್ಲೇ ಹೋಗಿದ್ದಿರಿ. ನಿಮ್ಮ ಮುಖ ನೋಡಿ ಬಂದವನು ನೋಟ್‌ಬುಕ್ ತೆರೆದು ಕುಳಿತೆ. ಒಂದೂವರೆ ದಿನದ ಕೆಲಸ ಮೇಷ್ಟ್ರೇ, ಅಷ್ಟೇ! ಕಳಿಸಿದೆ. ವಕೀಲರು ಮರ್ಯಾದೆಯಿಂದಲೇ ಉತ್ತರಿಸಿದರು: ಬರೆದವರೇ ಪ್ರಮಾಣ ಮಾಡಬೇಕಿತ್ತು; ತೀರಿಕೊಂಡವರ ಪುಸ್ತಕವನ್ನು, ಅದೂ ಮತ್ತೊಬ್ಬರು ಅನುವಾದಿಸಿದ್ದನ್ನು, ಕೋರ್ಟು ಒಪ್ಪುವುದಿಲ್ಲ; ಒಂದು ತಿಂಗಳು ಮೊದಲು ಬಂದಿದ್ದರೆ... ನಿಮ್ಮ ವೈಕುಂಠ ಸಮಾರಾಧನೆಯ ದಿನ ದೇವಸ್ಥಾನದ ಹಾಲ್‌ನಲ್ಲಿ ವಸುಧಾ ಎಲ್ಲರೆದುರು, "ಅಪ್ಪನ ಕೊನೇ ಆಸೆ ನಡೆಸಿಕೊಟ್ಟಿದ್ದು ರಘು" ಎಂದು ನನ್ನ ಎಲೆಗೆ ಇನ್ನೊಂದು ವಡೆ ಬಡಿಸಿದಳು. ನಾನು ತಿಂದೆ.

ಮೊನ್ನೆ ಗುರುವಾರ ಗ್ರೇಸ್ ಜೊತೆ ಮಾತಾಡಿದೆ. ನಿಮಗೆ ತಿಳಿಯದ ಸುದ್ದಿ ಇದು. ಅವಳಿಗೆ ಶಿಕ್ಷೆಯಾಗಿದೆ. ಜೈಲಿಗೆ ಹೋಗುವ ಮೊದಲು ವಕೀಲರು ತಮ್ಮ ಆಫೀಸಿನಿಂದ ಫೋನ್ ಕೊಡಿಸಿದರು. ಅಲ್ಲಿ ಮತ್ತೆ ಚುನಾವಣೆಯಾಗಿದೆ, ಮತ್ತೊಂದು ವೀಕ್ಷಕರ ತಂಡ ಬಂದಿತ್ತು. ಅವರ ಹೇಳಿಕೆಯಲ್ಲೂ ಸಣ್ಣಪುಟ್ಟ ಕೊರತೆಗಳು ಹಾಗೆಯೇ ಇವೆ. "ಸರ್ ಬರೆದದ್ದನ್ನು ಅವರ ಭಾಷೆಯಲ್ಲೇ ಓದಿ" ಎಂದಳು. ಓದಿದೆ: ಆಡಳಿತ ಪಕ್ಷ ತೊಂಬತ್ತೊಂದು, ವಿರೋಧ ಪಕ್ಷ ನಾನೂರ ಹನ್ನೆರಡು. ನಾನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಅವಳು ನಿಧಾನವಾಗಿ ಎರಡೂ ಅಂಕಿ ಹೇಳಿದಳು. ಒಂದೂ ತಪ್ಪಿರಲಿಲ್ಲ. "ಸರಿಯಾಗಿ ಬರೆದುಕೊಂಡಿದ್ದಾರೆ. ಹಾಗಂತ ಅವರಿಗೆ ತಿಳಿಸಿ. ನಮ್ಮಲ್ಲಿ ಸತ್ತವರಿಗೂ ಸುದ್ದಿ ಮುಟ್ಟಿಸುತ್ತೇವೆ" ಎಂದಳು.

ಫೋನಿಡುವ ಮುನ್ನ ಅವಳು ಇನ್ನೊಂದು ಕೇಳಿದಳು. ಪುಸ್ತಕ ಬರಲು ಯಾಕೆ ಅಷ್ಟು ತಡವಾಯಿತು, ಸರ್‌ಗೆ ತುಂಬ ಕಾಯಿಲೆಯಿತ್ತೇ ಎಂದು. ಹೌದು ಎಂದೆ. ತುಂಬ ಕಾಯಿಲೆಯಿತ್ತು ಎಂದೆ. ಅದನ್ನೂ ನಿಮ್ಮ ತಲೆಗೇ ಕಟ್ಟಿದೆ ಮೇಷ್ಟ್ರೇ. "ಪಾಪ, ಆ ನೋವಿನಲ್ಲೂ ನನ್ನನ್ನು ಮರೆಯಲಿಲ್ಲ" ಎಂದಳು.

ಇವತ್ತು ಶನಿವಾರ, ಹತ್ತು ಗಂಟೆ. ಜೈಲಿನ ವಿಳಾಸ ವಕೀಲರು ಕೊಟ್ಟಿದ್ದಾರೆ. ಗ್ರೇಸ್‌ಗೆ ನಿಜ ಬರೆಯಬೇಕೆಂದು ಬೆಳಿಗ್ಗೆಯಿಂದ ಹಾಳೆ ಮುಂದಿಟ್ಟುಕೊಂಡು ಕುಳಿತಿದ್ದೇನೆ. ಎಲ್ಲೀವರೆಗೆ ಬಂತಪ್ಪಾ ಎಂದು ಕೇಳುತ್ತೀರಾ?

ಇನ್ನೂ ಶುರು ಮಾಡಿಲ್ಲ ಮೇಷ್ಟ್ರೇ.

ನಿಮ್ಮ
ರಘು