ದೂರ ಏನ್ರಿ?

ಗೋಕಾಕ
ಸೋಮವಾರ, ತಾ. ೧೦ ಜನೇವರಿ ೧೯೪೯
ಮುಂಜಾನೆ ಹತ್ತು ಹೊಡೆದು ಇಪ್ಪತ್ತು ಮಿನಿಟು

ಪ್ರೀತಿಯ ಅವ್ವನ ಪಾದಗಳಿಗೆ ಮಗ ರಾಚಪ್ಪನ ಶರಣು ಶರಣಾರ್ಥಿಗಳು.

ಮೊದಲು ನಿನ್ನ ಮೊಣಕಾಲಿನ ಸುದ್ದಿ ತಿಳಿಯಬೇಕು. ಈ ವರ್ಷ ಥಂಡಿ ಜಾಸ್ತಿ. ಬಲಗಾಲಿನ ನೋವು ಇಳಿದಿದೆಯೋ, ಎಡಗಾಲಿಗೂ ಹಬ್ಬಿದೆಯೋ? ಎಣ್ಣೆ ಬಿಸಿ ಮಾಡಿ ತಿಕ್ಕುವವರು ಯಾರಾದರೂ ಇದ್ದಾರೋ, ಇಲ್ಲಾ ನನಗೇನೂ ಆಗಿಲ್ಲವೆಂದು ಹೇಳಿಕೊಂಡು ಅಲ್ಲಿಯೂ ಬಾವಿಯ ಹಗ್ಗಕ್ಕೆ ಕೈಹಾಕುತ್ತಿದ್ದೀಯೋ? ನಾವು ಇಲ್ಲಿ ಆರಾಮ. ನಿನ್ನ ಸೊಸೆ ಸಾವಿತ್ರಿಗೆ ನೆಗಡಿ ಬಂದು ಹೋಯಿತು. ನಿನ್ನ ಎಮ್ಮೆ ಮಾತ್ರ ನನ್ನ ಮೇಲೆ ಸಿಟ್ಟಾಗಿದೆ. ನಾನು ಹಿಂಡಲು ಕೂತರೆ ಕಾಲು ಝಾಡಿಸುತ್ತದೆ, ಸಾವಿತ್ರಿ ನಿನ್ನ ಹಳೆಯ ಸೀರೆ ಹೊದ್ದುಕೊಂಡು ಕೂತರೆ ಅರ್ಧ ತಂಬಿಗೆ ಕೊಡುತ್ತದೆ. ಮೂಕಪ್ರಾಣಿಗೂ ಮೋಸ ಮಾಡುವ ಗತಿ ಬಂತಲ್ಲ ಎಂದು ದಿನಾಲೂ ನಾಚಿಕೆಯಾಗುತ್ತದೆ.

ನೀನು ಮನೆ ಬಿಟ್ಟು ಇಂದಿಗೆ ಹದಿನಾಲ್ಕು ದಿನ. ಎಲ್ಲಿದ್ದೀಯೆಂದು ನನಗೆ ಗೊತ್ತಿಲ್ಲ. ಮೂಡಲಗಿಯ ಲಗಮಪ್ಪ ಮಾವನಿಗೆ, ಹುಕ್ಕೇರಿಯ ಅಕ್ಕನಿಗೆ, ಅರಭಾವಿಯ ಉದ್ದವ್ವ ಚಿಗವ್ವನಿಗೆ ಒಂದೊಂದು ಕಾರ್ಡು ಹಾಕಿದ್ದೆ. ಮೂರೂ ಮನೆಯಿಂದ ಒಂದೇ ಉತ್ತರ ಬಂತು: ಅವ್ವ ಇಲ್ಲಿಲ್ಲ, ನೀನು ಕಾಳಜಿ ಮಾಡಬೇಡ. ಕರು ತಪ್ಪಿಸಿಕೊಂಡರೆ ಊರೆಲ್ಲ ಹುಡುಕುವ ಈ ಜನ ನೀನು ಕಾಣೆಯಾದರೆ ಇಷ್ಟು ತಣ್ಣಗೆ ಇರುವವರಲ್ಲ. ಆದ್ದರಿಂದ ಮೂವರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ, ಉಳಿದ ಇಬ್ಬರಿಗೆ ಅದು ಗೊತ್ತಿದೆ. ಅದಕ್ಕೇ ಈ ಕಾಗದವನ್ನು ಆಫೀಸಿನ ಕಾರ್ಬನ್ ಇಟ್ಟು ಮೂರು ಪ್ರತಿ ಮಾಡುತ್ತಿದ್ದೇನೆ. ಒತ್ತಿ ಒತ್ತಿ ಬರೆದು ಬೆರಳು ನೋಯುತ್ತಿವೆ. ಕೊನೆಯ ಪ್ರತಿ ಅರಭಾವಿಗೆ. ಅದು ಮಸುಕಾಗಿದ್ದರೆ ಚಿಗವ್ವ ತನ್ನನ್ನು ಕಡೆಗಣಿಸಿದೆನೆಂದು ತಿಳಿಯಬಾರದು. ಅವ್ವನಿಗೆ ಓದಿ ಹೇಳುವವರು ಯಾರೇ ಇರಲಿ, ಸಾವಕಾಶ ಓದಬೇಕು, ನಡುನಡುವೆ ತಮ್ಮದೊಂದು ಮಾತು ಸೇರಿಸಬಾರದು. ಲಗಮಪ್ಪ ಮಾವಾ, ಇದು ನಿನಗೇ.

ನೀನು ಯಾಕೆ ಹೋದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಎಳ್ಳಮಾಸಿ ಹಬ್ಬಕ್ಕೆಂದು ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸಜ್ಜಿರೊಟ್ಟಿ ಬಡಿಯುತ್ತ ಕೂತಿದ್ದರು. ನೀನು ನಡುವೆ ಕೂತು, ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡು, ನನ್ನ ಮಗ ವಿಮಾನ ಹಾರಿಸುತ್ತಾನೆ ಎಂದು ಹೇಳುತ್ತಿದ್ದೆ. ನೆರೆಮನೆಯ ಮಾಯವ್ವ ನಂಬಿದ್ದಳು. ಎದುರುಮನೆಯ ಯಲ್ಲಾರಿಯ ಹೆಂಡತಿಯೂ ನಂಬಿದ್ದಳು. ನಾನು ಒಳಗೆ ಸುಮ್ಮನೆ ಇರಬಹುದಿತ್ತು. ಆದರೆ ಮೂರು ತಿಂಗಳಿಂದ ಪ್ರವಾಸಿಗಳಿಗೆ ಖಚಿತ ಮಾಹಿತಿ ಕೊಡುವ ಕೆಲಸ ಮಾಡಿ ಮಾಡಿ ನನ್ನ ನಾಲಿಗೆ ಕೆಟ್ಟುಹೋಗಿತ್ತು. ಹೊರಗೆ ಬಂದು ಎಲ್ಲರ ಮುಂದೆ, "ಅವ್ವಾ, ನಾ ವಿಮಾನ ಹಾರಸೂದಿಲ್ಲ. ಕುರ್ಚಿ ಮ್ಯಾಲ ಕುಂತು ಅದರ ವ್ಯಾಳ್ಯಾ ಹೇಳತೇನಿ, ಅಷ್ಟ" ಎಂದುಬಿಟ್ಟೆ. ಹೆಂಗಸರು ನಕ್ಕರು. ನೀನು ನಗಲಿಲ್ಲ. ಉಳಿದ ರೊಟ್ಟಿಗಳನ್ನೆಲ್ಲ ಬಡಿದು ಮುಗಿಸಿದೆ.

ಮರುದಿನ ಮುಂಜಾನೆ ನೀನು ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ. "ದೂರ ಏನವ್ವಾ?" ಎಂದೆ. ನೀನು "ದೂರೇನಿಲ್ಲ" ಎಂದು ಹೇಳಿ ಹೋದೆ. ಸಂಜೆಗೆ ಬರುತ್ತೀಯೆಂದುಕೊಂಡೆ. ಬಾರದಿದ್ದಾಗ ಮೋಟಾರು ನಿಲ್ಲುವ ಕಟ್ಟೆಗೆ ಹೋಗಿ ಏಜಂಟನನ್ನು ಕೇಳಿದೆ. ಗಂಟು ಹಿಡಿದ ಮುದುಕಿಯರು ದಿನಕ್ಕೆ ಮೂವತ್ತು ಜನ ಹತ್ತುತ್ತಾರೆ, ಯಾರು ಯಾವ ಊರಿಗೆ ಹೋದರೆಂದು ಬರೆದಿಡಲು ತನಗೇನು ಹುಚ್ಚೇ ಎಂದು ಅವನು ಕೇಳಿದ. ನಾನು ಅವನಿಗೆ ಕರ್ತವ್ಯದ ಬಗ್ಗೆ ನಾಲ್ಕು ಮಾತು ಹೇಳಿ ಬಂದೆ. ಈಗ ಆ ನಾಲ್ಕೂ ಮಾತು ನನ್ನ ಕುತ್ತಿಗೆಗೇ ಬಂದಿವೆ, ಕೇಳು.

ನನ್ನ ಕೆಲಸ ಏನೆಂದು ನೀನು ಒಮ್ಮೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಳಗಾವಿಯ ಮೈದಾನದಿಂದ ಸೋಮವಾರ, ಗುರುವಾರ, ಶನಿವಾರ ಎರಡು ವಿಮಾನ ಏಳುತ್ತವೆ. ಮುಂಜಾನೆಯದು ಮುಂಬಯಿಗೆ, ಮಧ್ಯಾಹ್ನದ್ದು ಬೆಂಗಳೂರಿಗೆ. ಗೋಕಾಕದ ಕಡೆಯವರು ನನ್ನ ಆಫೀಸಿನ ಖೋಲಿಗೆ ಬರುತ್ತಾರೆ. ನಾನು ಅವರ ಹೆಸರು, ಹೋಗುವ ಊರು ಒಂದು ಚೀಟಿಯಲ್ಲಿ ಬರೆದು, ವಿಮಾನದ ವೇಳೆ ಹೇಳಿ, ಬೆಳಗಾವಿಗೆ ಹೋಗುವ ವಿಮಾನ ಕಂಪನಿಯ ಮೋಟಾರು ಹತ್ತಿಸಬೇಕು. ಆ ಚೀಟಿ ನೋಡಿ ಅಲ್ಲಿ ಟಿಕೀಟು ಕೊಡುತ್ತಾರೆ. ಗೋಡೆಗೆ ಅಂಟಿಸಿದ ನಿಯಮಗಳಲ್ಲಿ ಮೊದಲನೆಯದೇ, ಪ್ರವಾಸಿಯನ್ನು ಎಲ್ಲಿಗೆ ಹೋಗುತ್ತೀರೆಂದು ಕೇಳತಕ್ಕದ್ದು.

ಅವ್ವಾ, ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳುವುದೆಂದರೇನು? ಆರು ವರ್ಷದವನಿದ್ದಾಗ ಅಪ್ಪ ಗಿರಣಿಗೆ ಹೊರಟಿದ್ದಾಗ ನಾನು ಹಾಗೆ ಕೇಳಿದ್ದೆ. ಅಪ್ಪ ತಿರುಗಿ ಒಳಗೆ ಬಂದು, ಕಾಲು ತೊಳೆದು, ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಆಮೇಲೆ ಹೋದ. ಅಷ್ಟರಲ್ಲಿ ಫಾಲ್ಸ್ ಕಡೆಯಿಂದ ಗಿರಣಿಯ ಭೋಂಗಾ ಕೂಗಿ, ಗೇಟು ಮುಚ್ಚಿ, ಆ ದಿನ ಹಾಳಾಯಿತು. ನೀನು ಬೇವಿನ ಎಲೆ ಅರೆದು ನನ್ನ ನಾಲಿಗೆಗೆ ಹಚ್ಚಿದ್ದೆ. ಆ ಕಹಿ ಇಂದಿಗೂ ಹೋಗಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ನಿಯಮದ ಪ್ರಕಾರ ಒಬ್ಬ ಹತ್ತಿ ವ್ಯಾಪಾರಿಯನ್ನು ಎಲ್ಲಿಗೆ ಎಂದು ಕೇಳಿಯೇಬಿಟ್ಟೆ. ಅವರು ನನ್ನನ್ನು ದುರುಗುಟ್ಟಿ ನೋಡಿ, ಚಪ್ಪಲಿ ಬಿಟ್ಟು, ನೀರು ತರಿಸಿ ಕುಡಿದು, ಬೆಂಚಿನ ಮೇಲೆ ಕೂತರು. ಉಳಿದ ನಾಲ್ವರು ತಮ್ಮನ್ನೂ ಕೇಳುವ ಮೊದಲೇ ಕೂತುಬಿಟ್ಟರು. ಮೋಟಾರು ಇಪ್ಪತ್ತೈದು ಮಿನಿಟು ತಡವಾಗಿ ಬಿಟ್ಟಿತು.

ಅಂದಿನಿಂದ ನಾನು ನೀನು ಕಲಿಸಿದ ಹಾಗೆ "ದೂರ ಏನ್ರಿ?" ಎಂದಷ್ಟೇ ಕೇಳತೊಡಗಿದೆ. ಕೆಲವರು ತಾವಾಗಿ ಊರಿನ ಹೆಸರು ಹೇಳುತ್ತಿದ್ದರು. ಉಳಿದವರು, ಹೂಂ, ಸ್ವಲ್ಪ ದೂರ, ಎನ್ನುತ್ತಿದ್ದರು. ಅಂಥವರ ಊರನ್ನು ನಾನು ಅವರ ವೇಷದಿಂದ ಕಂಡುಹಿಡಿಯುತ್ತಿದ್ದೆ. ಕಿವಿಗೆ ಉಣ್ಣೆಯ ಮಫ್ಲರು ಸುತ್ತಿಕೊಂಡವರು ಬೆಂಗಳೂರಿಗೆ, ಯಾಕೆಂದರೆ ಅಲ್ಲಿ ಚಳಿ. ಬುತ್ತಿಯ ಜೊತೆ ಬೆಲ್ಲದ ಪೆಂಟಿ ತಂದವರು ಮುಂಬಯಿಗೆ, ಯಾಕೆಂದರೆ ಅಲ್ಲಿ ನಮ್ಮ ಬೆಲ್ಲ ಸಿಗದೆಂದು ಬಂಧುಗಳು ಅಳುತ್ತಾರೆ. ಎರಡೂ ಇದ್ದರೆ ಕರವಸ್ತ್ರ ನೋಡುತ್ತಿದ್ದೆ. ಮೂರು ತಿಂಗಳು ಒಂದೂ ತಪ್ಪಾಗಲಿಲ್ಲ. ನನ್ನಷ್ಟು ಬುದ್ಧಿವಂತ ಈ ತಾಲೂಕಿನಲ್ಲಿ ಇಲ್ಲವೆಂದು ನನಗೇ ಅನಿಸಿತ್ತು, ನಿನ್ನಾಣೆ.

ಹೋದ ಸೋಮವಾರ ಬೆಲ್ಲದ ಬಾಗೇವಾಡಿಯ ಗುರುಲಿಂಗಪ್ಪನವರು ಬಂದರು. ಗೋಕಾಕದಲ್ಲಿರುವ ಮಗಳ ಮನೆಗೆ ಬಂದಿದ್ದವರು ಅಲ್ಲಿಂದಲೇ ಹೊರಟಿದ್ದರು. ತಲೆ, ಕಿವಿ, ಗಲ್ಲ ಎಲ್ಲ ಸೇರಿಸಿ ದಪ್ಪ ಮಫ್ಲರು ಸುತ್ತಿದ್ದರು. ದೂರ ಏನ್ರಿ ಎಂದೆ. ತಲೆ ಅಲ್ಲಾಡಿಸಿದರು. ಇಷ್ಟು ಉಣ್ಣೆ ಕಂಡ ಮೇಲೆ ಇನ್ನೇನು ಸಂಶಯ? ಬೆಂಗಳೂರು ಎಂದು ಬರೆದೆ, ಮಧ್ಯಾಹ್ನದ ಮೋಟಾರಿಗೆ ಕೂರಿಸಿದೆ, ಗಾಳಿ ಬಡಿಯಬಾರದೆಂದು ಕಿಡಕಿಯನ್ನೂ ನಾನೇ ಹಾಕಿದೆ. ಅವರಿಗೆ ಇದ್ದದ್ದು ಚಳಿಯಲ್ಲ, ಹಲ್ಲುನೋವು. ಗಲ್ಲ ಬಾತು ಬಾಯಿ ತೆರೆಯುವ ಹಾಗಿರಲಿಲ್ಲ, ಮಫ್ಲರಿನೊಳಗೆ ಯಾರು ಕೂಗಿದ್ದೂ ಕೇಳುವ ಹಾಗಿರಲಿಲ್ಲ. ಮುಂಬಯಿಯಲ್ಲಿ ಅಂಗಡಿ ಇಟ್ಟಿರುವ ಮಗ ಅಲ್ಲಿ ಹಲ್ಲಿನ ಡಾಕ್ಟರನ್ನು ಗೊತ್ತುಮಾಡಿದ್ದನಂತೆ. ಮರುದಿನ ಬೆಂಗಳೂರಿನಿಂದ ಕಂಪನಿಗೆ ತಾರು ಬಂತು. ಹಲ್ಲು ಕಿತ್ತಾಯಿತು, ಇದು ಮುಂಬಯಿ ಅಲ್ಲ, ಎಂದು ಅದರ ಅರ್ಥ.

ಬುಧವಾರ ಬೆಳಗಾವಿಯಿಂದ ನಮ್ಮ ಮೇಲಿನ ಅಧಿಕಾರಿ ಭೀಮರಾಯರು ಆ ತಾರು ಕಿಸೆಯಲ್ಲಿಟ್ಟುಕೊಂಡು ಬಂದರು. ಮಫ್ಲರಿನ ಲೆಕ್ಕವನ್ನು ನಾನು ವಿವರವಾಗಿ ಹೇಳಿದೆ. ಕರವಸ್ತ್ರದ ವಿಷಯಕ್ಕೆ ಬಂದಾಗ ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ರಾಚಪ್ಪ, ಶಕುನ ನೋಡಾಕ ನಿನಗ ಪಗಾರ ಕೊಡೂದಿಲ್ಲ. ನಾಳಿಂದ ಎಲ್ಲಾರ್ನೂ ಕೇಳಬೇಕು. ಆಗೂದಿಲ್ಲಂದ್ರ ಕುರ್ಚಿ ಬಿಡಬೇಕು."

ಮನೆಗೆ ಬಂದು ಊಟ ಬೇಡವೆಂದೆ. ಕೇಳಿದರೆ ಜನ ಏಳುವುದಿಲ್ಲ, ಕೇಳದಿದ್ದರೆ ಕೆಲಸ ಉಳಿಯುವುದಿಲ್ಲ ಎಂದು ಸಾವಿತ್ರಿಯ ಮುಂದೆ ತೋಡಿಕೊಂಡೆ. ಅವಳನ್ನು ನಾವಿಬ್ಬರೂ ಮಂದ ಎಂದು ತಿಳಿದಿದ್ದೇವಲ್ಲ, ಅವ್ವಾ, ಅದು ತಪ್ಪು ಮಾಹಿತಿ. ಅವಳು ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು: "ಎಲ್ಲಿಗೆ ಅಂತ ಯಾಕ ಕೇಳತೀರಿ? ಎಲ್ಲಿಂದ ತಿರುಗಿ ಬರ್ತೀರಿ ಅಂತ ಕೇಳ್ರಿ. ಬರೂ ಮಾತಿಗೆ ಯಾರ ಸಿಟ್ಟಾಗತಾರ?" ನಾನು ಎದ್ದು ಎರಡು ರೊಟ್ಟಿ ಜಾಸ್ತಿ ತಿಂದೆ.

ಗುರುವಾರ ಭೀಮರಾಯರು ನನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತರು. ಮೊದಲು ಬಂದವರು ಹುಕ್ಕೇರಿಯ ಒಬ್ಬ ವಕೀಲರು. ಎಲ್ಲಿಂದ ತಿರುಗಿ ಬರ್ತೀರಿ ಸಾಹೇಬರ ಎಂದೆ. ಅವರ ಮುಖ ಅರಳಿತು. ಮುಂಬಯಿಯಿಂದ ಎಂದರು, ಯಾವ ದಿನ ಬರುತ್ತೇನೆ, ಯಾವ ಮೊಮ್ಮಗಳಿಗೆ ಏನು ತರುತ್ತೇನೆ ಎಂಬುದನ್ನೂ ಹೇಳಿದರು. ಮುಂದಿನವರು ನಾನು ಕೇಳುವ ಮೊದಲೇ ತಾವು ಬೆಂಗಳೂರಿನಿಂದ ಬರುವವರೆಂದು ಹೇಳಿ, ನನ್ನ ತಲೆಯ ಮೇಲೆ ಕೈಯಿಟ್ಟರು. ಭೀಮರಾಯರು ಸಂಜೆ ಹೋಗುವಾಗ ಗೋಡೆಯ ಮೇಲಿನ ಮೊದಲ ನಿಯಮವನ್ನು ತಮ್ಮ ಪೆನ್ನಿನಿಂದಲೇ ಹೊಡೆದು, ಸಾವಿತ್ರಿಯ ಮಾತನ್ನು ಬರೆದು ಹೋದರು.

ಕೆಲಸ ಉಳಿಯಿತು. ಆದರೆ ಶನಿವಾರ ಗುರುಲಿಂಗಪ್ಪನವರು ರೈಲಿನಿಂದ ಬಂದಿಳಿದು ನೇರ ನನ್ನ ಖೋಲಿಗೇ ಬಂದರು. ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ. ಅವರು ಬೈಯಲಿಲ್ಲ. ಬೆಂಗಳೂರಿನ ಡಾಕ್ಟರ ಕೈಗುಣ ಒಳ್ಳೆಯದೆಂದು ಹೊಗಳಿ, ಬಾಯಿ ತೆರೆದು ಖಾಲಿ ಜಾಗವನ್ನೂ ತೋರಿಸಿದರು. ಆಮೇಲೆ ಹೇಳಿದರು: "ಹಲ್ಲಿಂದೇನ ಬಿಡೋ ತಮ್ಮಾ. ಮುಂಬಯಿದಾಗ ನನ್ನ ಮಗಾ ಎರಡು ದಿನ ದಾರಿ ಕಾಯ್ದಾನ. ಹಡದ ಅಪ್ಪ ಎಲ್ಲಿದ್ದಾನ ಅನ್ನೂದ ಅವಂಗ ಗೊತ್ತಿರಲಿಲ್ಲ." ನಾನು ತಲೆ ತಗ್ಗಿಸಿದೆ. ಅವರ ಮಗನಿಗೆ ಎರಡೇ ದಿನ. ನನಗೆ ಅಂದಿಗೆ ಹನ್ನೆರಡಾಗಿತ್ತು. ಅವರು ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಅತ್ತೆನೆಂದು ಹೇಳಲು ನಾಚಿಕೆಯಿಲ್ಲ.

ನಿನ್ನೆ ರವಿವಾರ ಮಾಯವ್ವ ಮಜ್ಜಿಗೆಗೆ ಬಂದಿದ್ದಳು. ಖರೇ ಹೇಳು, ನೀನು ವಿಮಾನ ಹಾರಿಸುತ್ತೀಯೋ ಇಲ್ಲವೋ ಎಂದು ಕೇಳಿದಳು. ಅವತ್ತು ನಕ್ಕವರೆಲ್ಲರಿಗೂ ಹೇಳೆಂದು ಹೇಳಿ ಕಳಿಸಿದೆ: "ನನ್ನ ಚೀಟಿ ಮುಟ್ಟೂತನಕ ವಿಮಾನ ನೆಲಾ ಬಿಡೂದಿಲ್ಲ. ನಮ್ಮವ್ವ ಹೇಳಿದ್ದರಾಗ ಸುಳ್ಳೇನೈತಿ?" ಈ ಮಾಹಿತಿ ಪೂರಾ ಖಚಿತವಲ್ಲ, ಭೀಮರಾಯರಿಗೆ ತಿಳಿಯಬಾರದು. ಆದರೆ ಓಣಿಯಲ್ಲಿ ನಿನ್ನ ಮಾತು ಈಗ ಮತ್ತೆ ಗಟ್ಟಿಯಾಗಿ ನಿಂತಿದೆ. ನೀನು ತಲೆಯೆತ್ತಿ ನಡೆದು ಬರಬಹುದು.

ಈ ಕಾಗದ ಓದಿದವರಿಗೆ, ಕೇಳಿದವರಿಗೆ, ಬಾಗಿಲ ಹಿಂದೆ ನಿಂತು ಕೇಳಿದವರಿಗೂ ನನ್ನ ಮತ್ತು ಸಾವಿತ್ರಿಯ ನಮಸ್ಕಾರ. ಮಕ್ಕಳಿಗೆ ಮುದ್ದು. ನಿನ್ನ ಆಶೀರ್ವಾದ ಎಷ್ಟು ದೂರದಿಂದ ಬಂದರೂ ಬರುತ್ತದೆಯೆಂದು ನಂಬಿದ್ದೇನೆ.

ನಿನ್ನ ಮಗ,
ರಾಚಪ್ಪ

ತಾ. ಕ.: ಮಧ್ಯಾಹ್ನದ ಮೋಟಾರು ಬಂದು ಹಾರ್ನು ಹೊಡೆಯುತ್ತಿದೆ, ಜನ ಬಾಗಿಲಲ್ಲಿ ನಿಂತಿದ್ದಾರೆ. ಇಷ್ಟು ಬರೆದರೂ ಕೇಳಬೇಕಾದದ್ದನ್ನು ಕೇಳಲೇ ಇಲ್ಲ. ಶುಕ್ರವಾರ ಸಂಕ್ರಾಂತಿ. ಗುರುವಾರ ನಾನು ರಜೆ ಹಾಕಿದ್ದೇನೆ. ಅರಭಾವಿಯ ಮೋಟಾರು ಗೋಕಾಕಕ್ಕೆ ಬರುವುದು ಒಂಬತ್ತೂವರೆಗೆ, ಮೂಡಲಗಿಯದು ಹನ್ನೊಂದಕ್ಕೆ, ಹುಕ್ಕೇರಿಯದು ಎರಡೂಕಾಲಿಗೆ. ಏಜಂಟನ ಕೈಕಾಲು ಹಿಡಿದು ಕೇಳಿ ಬರೆದುಕೊಂಡದ್ದು, ಖಚಿತ. ಮೂರೂ ಮೋಟಾರಿನ ಬಾಗಿಲಿಗೆ ನಾನು ನಿಂತಿರುತ್ತೇನೆ. ಅಂದು ಬಾಗಿಲಲ್ಲಿ ಅಂಗಿಯ ಗುಂಡಿ ಹಾಕುವುದನ್ನು ಬಿಟ್ಟು ಕೇಳಬೇಕಿತ್ತು, ಈಗ ಕೇಳುತ್ತಿದ್ದೇನೆ. ಅವ್ವಾ, ನೀ ಎಲ್ಲಿಂದ ತಿರುಗಿ ಬರ್ತೀ?